ಹರಿದ ಅಂಚಿನ ನೆಲ

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಕಲ್ಲುಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಐದಾರು ಮುಖಗಳ, ಒತ್ತೊತ್ತಾಗಿ ನಿಂತ ಆ ಕಂಬಗಳನ್ನು ಯಾರೂ ಕಡೆದದ್ದಲ್ಲ. ಉಕ್ಕಿ ಬಂದ ಲಾವಾ ತಣಿಯುತ್ತ, ಕುಗ್ಗುತ್ತ ತಾನೇ ಸೀಳಿಕೊಂಡ ರೂಪ ಅದು. ಅದು ಉಕ್ಕಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ. ಅದಕ್ಕೆ ಮುಂಚೆ ಎರಡೂ ಒಂದೇ ನೆಲ. ನಡುವೆ ಕಡಲೇ ಇರಲಿಲ್ಲ.

ಖಂಡಗಳು ಸರಿದಾಡುತ್ತವೆ ಎಂದು 1912ರಲ್ಲೇ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ ಹೇಳಿದ್ದ. ಸರಿಸುವ ಬಲ ಯಾವುದು ಎಂಬ ಪ್ರಶ್ನೆಗೆ ಬೇರೆಯವರು ಒಪ್ಪುವಂಥ ಉತ್ತರ ಅವನಲ್ಲಿರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡ. ಉತ್ತರ ತೆರೆದುಕೊಂಡದ್ದು 1960ರ ದಶಕದಲ್ಲಿ, ಕಡಲ ತಳದಲ್ಲಿ. ಸಾಗರದ ನಡುವಿನ ಪರ್ವತಸಾಲುಗಳ ಬಿರುಕಿನಲ್ಲಿ ಹೊಸ ತಳ ಹುಟ್ಟುತ್ತದೆ. ಹಳೆಯದಾಗಿ, ತಣಿದು ಭಾರವಾದ ತಳ ಇನ್ನೊಂದು ಕಡೆ ಭೂಮಿಯೊಳಕ್ಕೆ ಮುಳುಗುತ್ತ ಇಡೀ ಭೂಫಲಕವನ್ನು ಎಳೆಯುತ್ತದೆ. ಖಂಡ ಅದರ ಮೇಲೆ ಕೂತು ಸಾಗುತ್ತದೆ, ಅಷ್ಟೆ.

ಇದನ್ನು ಓದುತ್ತ ಹೋದಂತೆ ಅಗಲಿಕೆಯ ಬಗ್ಗೆಯೇ ನನ್ನ ಯೋಚನೆ ತಿರುಗಿತು. ಬೇರೆಯಾದದ್ದನ್ನೆಲ್ಲ ನಾವು ನಷ್ಟದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಆದರೆ ನಮ್ಮ ಕರಾವಳಿ ಇರುವುದೇ ಆ ಹರಿದ ಅಂಚಿನ ಮೇಲೆ. ಮುಂಗಾರಿನ ಮೋಡಗಳಿಗೆ ಅಡ್ಡ ನಿಂತು ಆಗುಂಬೆಯಲ್ಲಿ ಮಳೆ ಸುರಿಸುವ ಸಹ್ಯಾದ್ರಿಯ ಕಡಿದಾದ ಪಡುವಣ ಮೈಯ ಕಥೆ ಶುರುವಾಗುವುದೂ ಅಲ್ಲಿಂದಲೇ. ಭೂಮಿ ಅಲ್ಲಿ ಸೀಳದಿದ್ದರೆ ಈ ಮಳೆ, ಈ ಕಾಡು, ಈ ಹೊಳೆಗಳು ಇರುತ್ತಿದ್ದವೆ?

ಅಗಲಿದ ಮೇಲೂ ನಂಟು ಉಳಿಯುತ್ತದೆ. ಸಹ್ಯಾದ್ರಿಯ ದಕ್ಷಿಣ ಭಾಗದಲ್ಲಿ ಒಂದು ನೇರಳೆ ಕಪ್ಪೆಯಿದೆ. ಗುಂಡು ಮೈ, ಚೂಪು ಮೂತಿ. ವರ್ಷದ ಬಹುಪಾಲು ಮಣ್ಣೊಳಗೆ ಗೆದ್ದಲು ತಿಂದು ಬದುಕುವ ಇದು ಮೊಟ್ಟೆಯಿಡಲು ಮಳೆಗಾಲದ ಕೆಲವೇ ದಿನ ಮೇಲೆ ಬರುತ್ತದೆ. ವಿಜ್ಞಾನ ಅದಕ್ಕೆ ಹೆಸರಿಟ್ಟದ್ದು 2003ರಲ್ಲಿ. ಅದರ ತೀರ ಹತ್ತಿರದ ಬಳಗ ಇರುವುದು ಸೀಶೆಲ್ಸ್ ದ್ವೀಪಗಳಲ್ಲಿ, ಎರಡೂವರೆ ಸಾವಿರ ಕಿಲೋಮೀಟರಿಗೂ ದೂರ. ಉಪ್ಪುನೀರು ಕಪ್ಪೆಗೆ ಆಗಿಬರುವುದಿಲ್ಲ. ಅವು ಕಡಲು ದಾಟಲಿಲ್ಲ. ನೆಲವೇ ಅವನ್ನು ಹೊತ್ತುಕೊಂಡು ಬೇರೆಬೇರೆ ದಿಕ್ಕಿಗೆ ಹೋಯಿತು. ಆ ಪುಟ್ಟ ಜೀವವನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಇಷ್ಟಕ್ಕೇ ಸಮಾಧಾನಪಟ್ಟರೆ ಅದು ಅರ್ಧ ಮಾತು. ನಮ್ಮ ಫಲಕ ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದೆ. ಆ ಒತ್ತಡವೇ ಹಿಮಾಲಯವನ್ನು ಎತ್ತುತ್ತಿದೆ. 2015ರ ಏಪ್ರಿಲ್‌ನಲ್ಲಿ ಭೂಕಂಪವಾಗಿ ನೇಪಾಳದ ಒಂಬತ್ತು ಸಾವಿರದಷ್ಟು ಜನರನ್ನು ಬಲಿ ತೆಗೆದುಕೊಂಡದ್ದೂ ಅದೇ. ಅವರ ಮನೆಯವರ ಎದುರು ಬಿರುಕಿನ ಕೊಡುಗೆಯ ಮಾತು ಎತ್ತಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿ ಮೊದಲು ಬೇಕಿರುವುದು ನಡುಕಕ್ಕೆ ಬೀಳದ ಗೋಡೆ. ಅಗಲಿಕೆಯ ಅರ್ಥ ಹುಡುಕುವುದೆಲ್ಲ ಆಮೇಲಿನದು.