‘ಹೊರತು’ ಎಂಬ ಗಂಟು

“ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು” ಎಂಬ ಗಾದೆಯನ್ನು ಚಿತ್ರದುರ್ಗದ ಸೀಮೆಯಲ್ಲಿ ಕೇಳದವರಿಲ್ಲ. ಸಾಲ ತೀರದೆ ಬಿತ್ತನೆಯ ಬೀಜ ಸಿಗದು, ಬಿತ್ತಿ ಬೆಳೆಯದೆ ಸಾಲ ತೀರದು ಎಂದು ಹೊಳಲ್ಕೆರೆಯ ಸಂತೆಯಲ್ಲಿ ಪೇಚಾಡುವ ರೈತನಿಗೂ, ಒಂದು ಕಾಗದಕ್ಕಾಗಿ ಇನ್ನೊಂದನ್ನೂ ಆ ಇನ್ನೊಂದಕ್ಕಾಗಿ ಮೊದಲಿನದನ್ನೂ ತರಬೇಕಾಗಿ ಬಂದ ಅರ್ಜಿದಾರನಿಗೂ ಈ ಮಾತು ಸಮಾನವಾಗಿ ಒದಗಿಬರುತ್ತದೆ. ಹೇಳಿದವನು ನಗುತ್ತಾನೆ, ಕೇಳಿದವನೂ ನಗುತ್ತಾನೆ. ಆದರೆ ಗಾದೆಯೊಳಗೆ ಹುಚ್ಚು ಹಿಡಿದವನೊಬ್ಬನು ಕುಳಿತಿದ್ದಾನಷ್ಟೆ. ಅವನ ಅಭಿಪ್ರಾಯವನ್ನು ಈವರೆಗೆ ಯಾರೂ ವಿಚಾರಿಸಿದಂತಿಲ್ಲ. ಅವನು ಒಂದು ಪುಸ್ತಕವನ್ನು ಬರೆಯಲು ಹೊರಟನೆಂದು ಭಾವಿಸಿಕೊಂಡು, ಗಾದೆಯನ್ನು ಅವನ ಪಕ್ಕದಿಂದ ಓದಿ ನೋಡೋಣ.

ಮೊದಲು ಪದಾರ್ಥ. ‘ಹುಚ್ಚು’ ಎಂಬ ಶಬ್ದವು ಕನ್ನಡದಲ್ಲಿ ಎರಡು ಮನೆಗಳ ನೆಂಟ. ತಲೆ ಕೆಟ್ಟಿತು, ಗಾಳಿ ಸೋಕಿತು, ಮಂಕು ಬಡಿಯಿತು ಎಂದು ಜನರು ಬಗೆಬಗೆಯಾಗಿ ಹೇಳುವ ವ್ಯಾಧಿಗೂ ಅದೇ ಹೆಸರು. ‘ಅವನಿಗೆ ಬರೆಯುವ ಹುಚ್ಚು’ ಎಂದು ಅರ್ಧ ಮೆಚ್ಚುಗೆಯಿಂದ ಆಡಿಕೊಳ್ಳುವ ಹಂಬಲಕ್ಕೂ ಅದೇ ಹೆಸರು. ಭಾಷೆಯ ಈ ಔದಾರ್ಯದಿಂದ ರೋಗಿಗೆ ಆಗಿರುವ ಉಪಕಾರ ಅಲ್ಪ. ಎರಡನೆಯ ಹುಚ್ಚಿಗೆ ಮೊದಲನೆಯದೇ ಮೂಲಧನವೆಂಬ ಭ್ರಾಂತಿ ಹುಟ್ಟಿ, ಮಾತ್ರೆ ನುಂಗಿದರೆ ಪ್ರತಿಭೆ ಬತ್ತೀತೆಂದು ಅಂಜುವವರನ್ನೂ, ಅಂಜಿಸುವವರನ್ನೂ ಅದು ಸೃಷ್ಟಿಸಿದೆ. ಇನ್ನು ‘ಹೊರತು’. ಗಾದೆಯ ಬಲವೆಲ್ಲ ಇರುವುದು ಈ ಪುಟ್ಟ ಅವ್ಯಯದಲ್ಲಿ. ಎರಡು ಸಲ ಬಂದು, ಒಂದರ ಬಾಗಿಲಿಗೆ ಇನ್ನೊಂದನ್ನು ಕಾವಲು ನಿಲ್ಲಿಸಿ, ಒಳಗಿರುವವನನ್ನು ಒಳಗೇ ಇರಿಸಿಬಿಡುತ್ತದೆ.

‘ಮದುವೆ’ಯನ್ನು ಬರಿಯ ದೃಷ್ಟಾಂತವೆಂದು ದಾಟಿಹೋಗುವಂತಿಲ್ಲ. ವರಾನ್ವೇಷಣೆಯ ಕಾಲದಲ್ಲಿ ಮನೆಯ ಯಾವ ಸಂಗತಿಯನ್ನು ಮುಚ್ಚಿಡದಿದ್ದರೂ ಹುಚ್ಚೊಂದನ್ನು ಮುಚ್ಚಿಡುವುದು, ತಂಗಿಯ ಸಂಬಂಧ ಕುದುರುವತನಕ ಅಣ್ಣನ ಕಾಯಿಲೆ ಹೊಸ್ತಿಲು ದಾಟದಂತೆ ನೋಡಿಕೊಳ್ಳುವುದು ನಮ್ಮ ಊರುಗಳಲ್ಲಿ ಇಂದಿಗೂ ಉಂಟು. 1955ರ ಹಿಂದೂ ವಿವಾಹ ಕಾಯಿದೆಯು ವಿವಾಹದ ಷರತ್ತುಗಳಲ್ಲಿ ಮನಸ್ಸಿನ ಸ್ವಾಸ್ಥ್ಯವನ್ನೂ ಸೇರಿಸಿರುವುದರಿಂದ ಗಾದೆಯ ಪೂರ್ವಾರ್ಧಕ್ಕೆ ಶಾಸನದ ನೆರಳೂ ದೊರೆತಿದೆ ಎನ್ನಬಹುದು. ಉತ್ತರಾರ್ಧವಾದರೋ ಹಿರಿಯರ ಚಿಕಿತ್ಸಾಪದ್ಧತಿ: ‘ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ.’ ಈ ಪದ್ಧತಿಗೆ ಬಲಿಯಾದ ಹೆಣ್ಣುಮಕ್ಕಳ ಲೆಕ್ಕವನ್ನು ಇಟ್ಟವರಿಲ್ಲ.

ಗಾದೆ ಹೇಳದೆ ಬಿಟ್ಟ ಇನ್ನೊಂದು ಭಾಗವನ್ನು ತ್ರಿವೇಣಿಯವರು ‘ಶರಪಂಜರ’ದಲ್ಲಿ ಹೇಳಿದರು. ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿದ್ದ ಆ ಲೇಖಕಿಯ ಕಾವೇರಿಗೆ ಮದುವೆಯೂ ಆಗಿದೆ, ಪ್ರಸವಾನಂತರ ಬಂದ ಹುಚ್ಚು ಆಸ್ಪತ್ರೆಯಲ್ಲಿ ಬಿಟ್ಟೂ ಇದೆ; ಬಿಡದಿರುವುದು ಮನೆಯವರ ಸಂಶಯ. ನಗುವೂ, ಕೋಪವೂ, ಮೌನವೂ ರೋಗದ ಲಕ್ಷಣವೆಂದು ಎಣಿಸಲ್ಪಡುವ ಮನೆಯಲ್ಲಿ ಗುಣವಾದವಳು ಎಷ್ಟು ದಿನ ಗುಣವಾಗಿರಬಲ್ಲಳು? ತ್ರಿವೇಣಿಯವರು ಬರೆದದ್ದು ಅನುಕಂಪದಿಂದ, ಹೊರಗೆ ನಿಂತು. ಕಾವೇರಿಯೇ ಲೇಖನಿಯನ್ನು ಹಿಡಿದಿದ್ದರೆ ಏನಾಗುತ್ತಿತ್ತು?

ಗಾದೆ ಎದ್ದು ಬರುತ್ತಿತ್ತು. ‘ಮೊದಲು ಆರೋಗ್ಯ ನೋಡಿಕೊಳ್ಳಮ್ಮ, ಪುಸ್ತಕ ಆಮೇಲೆ’ ಎಂದು ಒಬ್ಬ ಹಿತೈಷಿ. ‘ಬರೆದು ಹೊರಗೆ ಹಾಕಿಬಿಡು, ಮನಸ್ಸು ಹಗುರಾಗುತ್ತದೆ’ ಎಂದು ಇನ್ನೊಬ್ಬರು. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಬುದ್ಧಿವಾದಗಳೂ ‘ಹೊರತು’ ಎಂಬ ಒಂದೇ ಗೂಟಕ್ಕೆ ಕಟ್ಟಿದ ಹಗ್ಗದ ಎರಡು ತುದಿಗಳು. ಗುಣವಾದ ಮೇಲೆಯೇ ಬರೆಯತಕ್ಕದ್ದೆಂದರೆ, ಮರುಕಳಿಸುವ ಸ್ವಭಾವದ ವ್ಯಾಧಿಯುಳ್ಳವನು ಯಾವ ಪಂಚಾಂಗವನ್ನು ನೋಡಿ ಮುಹೂರ್ತವಿಡಬೇಕು? ಬರೆದರೆ ಗುಣವಾಗುತ್ತದೆಂದರೆ, ಮುಗಿಯದ ಹಸ್ತಪ್ರತಿಯೊಂದು ವಾಸಿಯಾಗದ ಗಾಯವಾಗಿ ಅವನನ್ನು ಹೀಯಾಳಿಸದೆ?

ಈ ಎರಡು ತುದಿಗಳಿಗೂ ಸಿಕ್ಕದೆ ಬರೆದವನೊಬ್ಬನುಂಟು. ಅಮೆರಿಕದ ಕ್ಲಿಫರ್ಡ್ ಬಿಯರ್ಸ್ ಎಂಬಾತ 1900ರಿಂದ 1903ರವರೆಗೆ ಹುಚ್ಚಾಸ್ಪತ್ರೆಗಳಲ್ಲಿದ್ದು, ಅಲ್ಲಿ ಕಂಡ ಕ್ರೌರ್ಯವನ್ನು ಬರೆಯಲು ಸಂಕಲ್ಪಿಸಿದವನು. ಬರವಣಿಗೆಯ ಆರಂಭದಲ್ಲಿಯೇ ಅವನ ಉತ್ಸಾಹ ಮೇರೆ ಮೀರಿತು. ಅಣ್ಣನ ಮಾತಿಗೆ ಒಪ್ಪಿ, 1905ರಲ್ಲಿ ಕೆಲವು ವಾರಗಳ ಮಟ್ಟಿಗೆ ಸ್ವೇಚ್ಛೆಯಿಂದ ಆಸ್ಪತ್ರೆಗೆ ಮರಳಿದನು. ಪುಸ್ತಕವನ್ನು ಕೈಬಿಡಲಿಲ್ಲ. ಅದು 1908ರಲ್ಲಿ ಅಚ್ಚಾಯಿತು. ಮಾನಸಿಕ ಆರೋಗ್ಯಕ್ಕಾಗಿ ನಡೆದ ಒಂದು ದೊಡ್ಡ ಚಳವಳಿಗೆ ಮೊದಲ ಕಲ್ಲಾಯಿತು. ನನಗೆ ಆ ಚಳವಳಿಗಿಂತಲೂ ಆ ಕೆಲವು ವಾರಗಳೇ ದೊಡ್ಡವಾಗಿ ಕಾಣುತ್ತವೆ. ನಿದ್ದೆಗೆಟ್ಟು ರಾಶಿ ರಾಶಿ ಪುಟ ತುಂಬಿಸುವವನನ್ನು ಮಿತ್ರರು ಶ್ಲಾಘಿಸುವ ಹೊತ್ತಿಗೆ, ಪುಟಗಳ ಬದಲು ನಿದ್ದೆಯ ಗಂಟೆಗಳನ್ನು ಎಣಿಸಿದ ಒಬ್ಬ ಅಣ್ಣ ಮನೆಯಲ್ಲಿದ್ದನು.

ಮಾತ್ರೆಯ ಅಂಜಿಕೆಗೂ ಒಂದು ಉತ್ತರವುಂಟು. ಡೆನ್ಮಾರ್ಕಿನ ವೈದ್ಯ ಮೊಗೆನ್ಸ್ ಸ್ಕೌ, ಉನ್ಮಾದ-ಖಿನ್ನತೆಯ ಔಷಧವಾದ ಲಿಥಿಯಂ ಸೇವಿಸುತ್ತಿದ್ದ 24 ಮಂದಿ ಕಲಾವಿದರನ್ನು ವಿಚಾರಿಸಿ 1979ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 12 ಮಂದಿಗೆ ಕೆಲಸ ಹೆಚ್ಚಿತು, 6 ಮಂದಿಗೆ ಮೊದಲಿನಂತೆಯೇ ಇತ್ತು, 6 ಮಂದಿಗೆ ಕಡಮೆಯಾಯಿತು. ಆ ಕೊನೆಯ ಆರು ಮಂದಿಯ ನಷ್ಟವನ್ನು ಅಲ್ಲಗಳೆಯಲಾಗದು. ಆದರೆ ಔಷಧವನ್ನು ಬಿಟ್ಟರೇ ಬರಹ ಬಂದೀತೆಂಬ ಮಾತೂ ‘ಹೊರತು’ವಿನ ಸಂತಾನವೆಂಬುದು ಇದರಿಂದ ತಿಳಿಯುತ್ತದೆ. ಔಷಧಕ್ಕಾಗಿ ಬೆಂಗಳೂರಿನವರೆಗೆ ಇನ್ನೂರು ಕಿಲೋಮೀಟರು ಹೋಗುವುದೊಂದೇ ಗತಿಯಾಗಬೇಕಿಲ್ಲವೆಂಬುದನ್ನು ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನವರು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ಸಾಮಾನ್ಯ ವೈದ್ಯರಿಗೆ ತರಬೇತು ಕೊಟ್ಟು ತೋರಿಸಿದರು.

ಪೂರ್ತಿ ಗುಣವಾಗುವುದಕ್ಕೆ ಕಾಯದೆ, ಇದ್ದಷ್ಟರಲ್ಲೇ ಬರೆಯಬಹುದೆಂಬುದನ್ನು ಹಿರಿಯೂರಿನವರಿಗೆ ವಿವರಿಸಬೇಕಾಗಿಲ್ಲ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಣ 89 ವರ್ಷ ಜಲಾಶಯ ತುಂಬಲಿಲ್ಲವೆಂದು ಹಿರಿಯೂರಿನ ತೋಟಗಾರನು ಸಸಿ ನೆಡದೆ ಕುಳಿತನೆ? ಅರ್ಧ ನೀರಿದ್ದ ವರ್ಷ ಅರ್ಧ, ಕಾಲುಭಾಗವಿದ್ದ ವರ್ಷ ಕಾಲುಭಾಗ, ತೂಬು ಎತ್ತಿದ ದಿನ ಕಾಲುವೆಯಲ್ಲಿ ಬಂದಷ್ಟನ್ನು ತಿರುಗಿಸಿಕೊಂಡು ತೆಂಗು ಅಡಕೆಗಳನ್ನು ಉಳಿಸಿಕೊಂಡನು. ಬಾರದ ವರ್ಷ ಒಣಗಿದ ಮರಗಳನ್ನು ಕಡಿದದ್ದೂ ಉಂಟು. ಮಬ್ಬು ಕವಿದ ವಾರಗಳ ಮಧ್ಯದಲ್ಲಿ ಸಿಕ್ಕಿದ ಒಂದು ತಿಳಿಯಾದ ಮುಂಜಾನೆ, ಒಂದು ಪುಟ, ಬಳಿಕ ತಿಂಗಳು ಕಾಲ ಮುಚ್ಚಿಟ್ಟ ಕಾಗದದ ಕಟ್ಟು: ಹೀಗೂ ಪುಸ್ತಕಗಳಾಗುತ್ತವೆ.

ಬಿಯರ್ಸ್ 1939ರಲ್ಲಿ ಮತ್ತೆ ಆಸ್ಪತ್ರೆಗೆ ಸೇರಿ, 1943ರಲ್ಲಿ ಅಲ್ಲಿಯೇ ತೀರಿಕೊಂಡನು. ಹುಚ್ಚು ಬಿಟ್ಟಿರಲಿಲ್ಲ, ಪುಸ್ತಕಕ್ಕೆ ಆಗಲೇ 35 ವರ್ಷ.