ಬಟ್ಟಲಿಗೆ ಬೆಲೆಯುಂಟು, ಬಾಳಿಗೆ?



ನಮ್ಮಲ್ಲಿ ಅನೇಕರ ಮನೆಯ ಗಾಜಿನ ಕಪಾಟಿನಲ್ಲಿ ಹಬ್ಬಕ್ಕೆಂದೇ ಎತ್ತಿಟ್ಟ ಪಿಂಗಾಣಿ ಬಟ್ಟಲುಗಳಿವೆ. ಮಕ್ಕಳು ಅವನ್ನು ಮುಟ್ಟುವಂತಿಲ್ಲ. ಇಂದು ಅಂಥ ಬಟ್ಟಲುಗಳ ಒಂದು ನಿಜಕಥೆಯನ್ನು ಧ್ಯಾನಿಸೋಣ.

1822ರಲ್ಲಿ 'ಟೆಕ್ ಸಿಂಗ್' ಎಂಬ ಚೀನಾದ ಭಾರಿ ಹಾಯಿಹಡಗು ಅಮೊಯ್ ಬಂದರಿನಿಂದ ಜಾವಾ ದ್ವೀಪಕ್ಕೆ ಹೊರಟಿತ್ತು. ಹಡಗಿನ ಒಡಲಲ್ಲಿ ಲಕ್ಷಾಂತರ ಪಿಂಗಾಣಿ ಪಾತ್ರೆಗಳು. ಅವುಗಳ ಮೇಲೆ ಸುಮಾರು 1,800 ಜನ; ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಅವರಲ್ಲಿ ಬಹಳ. ಫೆಬ್ರವರಿ ತಿಂಗಳಲ್ಲಿ, ಗಾಸ್ಪರ್ ಜಲಸಂಧಿಯ ಬಳಿ, ಹಡಗು ಬಂಡೆಗೆ ಬಡಿದು ಮುಳುಗಿತು. ಆ ದಾರಿಯಲ್ಲಿ ಬಂದ 'ಇಂಡಿಯಾನ' ಹಡಗಿನ ಕಪ್ತಾನ ಜೇಮ್ಸ್ ಪರ್ಲ್ ನೀರಿನಲ್ಲಿ ತೇಲುತ್ತಿದ್ದವರನ್ನು ಕಂಡು ಹಡಗು ನಿಲ್ಲಿಸಿ, ಸುಮಾರು 190 ಮಂದಿಯನ್ನು ಮೇಲೆತ್ತಿದ. ಉಳಿದವರಲ್ಲಿ ಬಹುತೇಕರು ಸಮುದ್ರದ ಪಾಲಾದರು.

1999ರಲ್ಲಿ ಮೈಕೆಲ್ ಹ್ಯಾಚರ್ ಎಂಬವರ ತಂಡ ಆ ಹಡಗನ್ನು ಪತ್ತೆಹಚ್ಚಿ ಸುಮಾರು 3,50,000 ಪಾತ್ರೆಗಳನ್ನು ಹೊರತೆಗೆಯಿತು. ಹೆಚ್ಚು ಬೆಂಕಿಯಲ್ಲಿ ಬೆಂದ ಪಿಂಗಾಣಿಯೊಳಗೆ ನೀರು ಇಳಿಯದು; ಆದ್ದರಿಂದ 177 ವರ್ಷ ಉಪ್ಪುನೀರಿನಲ್ಲಿದ್ದರೂ ಬಹಳಷ್ಟು ಬಟ್ಟಲುಗಳು ಹಾಳಾಗಿರಲಿಲ್ಲ. 2000ದ ನವೆಂಬರಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಅವು ಹರಾಜಾದವು. ನಾವು ಮೃತರಿಗಾಗಿ ಪ್ರಾರ್ಥಿಸುವ ತಿಂಗಳು ಅದು! ಬಟ್ಟಲುಗಳಿಗೆ ಬೆಲೆ ಸಿಕ್ಕಿತು. ಅವುಗಳ ಜೊತೆಯಲ್ಲೇ ಮುಳುಗಿದ ಕೂಲಿಯಾಳಿನ ಹೆಸರನ್ನು ಯಾರು ಕೇಳಿದರು?

ಸಂತ ಪೌಲರೂ ಒಮ್ಮೆ ಹಡಗು ಒಡೆತಕ್ಕೆ ಸಿಕ್ಕಿದ್ದರು. ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯವನ್ನು ಓದಿ ನೋಡಿ. ಬಿರುಗಾಳಿಗೆ ಸಿಕ್ಕಿದವರು ಸರಕನ್ನು, ಕೊನೆಗೆ ಗೋದಿಯನ್ನೂ ಸಮುದ್ರಕ್ಕೆ ಎಸೆದರು. ಹಡಗು ಒಡೆದುಹೋಯಿತು, ಅದರಲ್ಲಿದ್ದ 276 ಮಂದಿಯೂ ಮಾಲ್ಟಾದ ದಡ ಸೇರಿದರು. ಅಲ್ಲಿ ಸರಕು ಹೋಯಿತು, ಜನ ಉಳಿದರು. ಇಲ್ಲಿ ಜನ ಹೋದರು, ಸರಕು ಉಳಿಯಿತು.

ನಮ್ಮ ಸಂಸಾರವೂ ಒಂದು ಹಡಗೇ. ಮಗುವಿನ ಕೈಜಾರಿ ಬಟ್ಟಲು ಒಡೆದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? "ಕಣ್ಣು ಕಾಣಿಸೋದಿಲ್ವೇನೋ?" ಎಂದೋ, "ಕೈಗೆ ಗಾಯವಾಯಿತೇ ಕಂದ?" ಎಂದೋ? ಅಪ್ಪನ ಆಸ್ತಿ ಹಂಚಿಕೊಳ್ಳುವಾಗ ಅಂಗೈಯಗಲದ ಜಾಗಕ್ಕಾಗಿ ಒಡಹುಟ್ಟಿದವರ ಮಾತು ಬಿಟ್ಟವರು ನಮ್ಮಲ್ಲಿಲ್ಲವೇ? ಬಟ್ಟಲು ಒಡೆದರೆ ಇನ್ನೊಂದು ತರಬಹುದು. ಒಡೆದ ಮನಸ್ಸಿಗೆ ಯಾವ ಅಂಗಡಿಗೆ ಹೋಗೋಣ?

ದೇವರು ತಮ್ಮ ನಿಧಿಯನ್ನು ಇಟ್ಟಿರುವುದು ಮಣ್ಣಿನ ಪಾತ್ರೆಗಳಂತಿರುವ ನಮ್ಮಲ್ಲಿ ಎಂದು ಪೌಲರು ಕೊರಿಂಥದವರಿಗೆ ತಿಳಿಸುತ್ತಾರೆ. ಹಾಗಾದರೆ ನಮ್ಮ ಮನೆಯ ಬೆಲೆಬಾಳುವ ಪಾತ್ರೆ ಕಪಾಟಿನಲ್ಲಿಲ್ಲ. ನಮ್ಮೊಂದಿಗೆ ಊಟಕ್ಕೆ ಕುಳಿತಿದೆ.

ಈ ಭಾನುವಾರ ಆ ಹಬ್ಬದ ಬಟ್ಟಲುಗಳನ್ನು ಕೆಳಗಿಳಿಸಿ, ಮಾತು ಬಿಟ್ಟವರನ್ನು ಊಟಕ್ಕೆ ಕರೆಯಿರಿ. ಊಟಕ್ಕೆ ಮುನ್ನ, ಹೆಸರಿಲ್ಲದೆ ಸಮುದ್ರದಲ್ಲಿ ಮಡಿದವರ ಆತ್ಮಶಾಂತಿಗಾಗಿ ಒಂದು ಪ್ರಾರ್ಥನೆ ಸಲ್ಲಿಸಿ. ಅವರ ಹೆಸರು ನಮಗೆ ಗೊತ್ತಿಲ್ಲದಿದ್ದರೂ ಪ್ರಭುವಿಗೆ ಗೊತ್ತು.