ಓದಿ ತಿಳಿಸಲಾಗಿದೆ

2024ರ ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ. ಎದುರಿಗೆ ಕುಳಿತಿದ್ದ ಡಾಕ್ಟರು ನನ್ನ ಮಗನಿಗಿಂತ ಎರಡೋ ಮೂರೋ ವರ್ಷ ದೊಡ್ಡವರಿರಬೇಕು. ರಿಪೋರ್ಟುಗಳನ್ನೆಲ್ಲ ನಿಧಾನವಾಗಿ ತಿರುವಿ ಹಾಕಿ, "ನಿಮ್ಮಂಥವರು ರೇಡಿಯೇಶನ್ ತೆಗೆದುಕೊಂಡರೂ ಸರಿ, ಬಿಟ್ಟರೂ ಸರಿ. ಎರಡೂ ತಪ್ಪಲ್ಲ. ತುಮಚೀ ಇಚ್ಛಾ" ಎಂದರು. ಅಂದರೆ, ನಿಮ್ಮ ಇಷ್ಟ.

ಅರವತ್ತಾರು ವರ್ಷದ ಬದುಕಿನಲ್ಲಿ ಇಷ್ಟು ದೊಡ್ಡ ವಿಷಯಕ್ಕೆ ‘ನಿಮ್ಮ ಇಷ್ಟ’ ಎಂದು ಯಾರೂ ನನಗೆ ಹೇಳಿರಲಿಲ್ಲ. ಕಾಮರ್ಸ್ ಓದಿದ್ದು ಅಪ್ಪನ ಇಷ್ಟ, ಮದುವೆ ಮನೆಮಂದಿಯ ಇಷ್ಟ, ಮುಂಬಯಿಗೆ ಬಂದದ್ದು ಬ್ಯಾಂಕಿನ ಇಷ್ಟ. ಸ್ವಾತಂತ್ರ್ಯ ಕೈಗೆ ಬಂದಾಗ ಸಂತೋಷವಾಗಬೇಕಿತ್ತು. ನನಗಾದದ್ದು ಗಾಬರಿ.

ನಾನು ಗದಗಿನವಳು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ, 1982ರಲ್ಲಿ ಬ್ಯಾಂಕ್ ನೌಕರಿಗೆಂದು ಇಲ್ಲಿಗೆ ಬಂದೆ. 2018ರಲ್ಲಿ ನಿವೃತ್ತಳಾದ ಮೇಲೂ ಡೊಂಬಿವಲಿ ಬಿಡಲಾಗಲಿಲ್ಲ. 2024ರ ಆಗಸ್ಟಿನಲ್ಲಿ ಮ್ಯಾಮೊಗ್ರಾಮ್ ಮಾಡಿಸಿದಾಗ ಎಡ ಎದೆಯಲ್ಲಿ ಕೈಗೆ ಸಿಗದಷ್ಟು ಸಣ್ಣ ಗಡ್ಡೆ ಕಂಡಿತು. ಸೆಪ್ಟೆಂಬರಿನಲ್ಲಿ ಆಪರೇಶನ್ ಆಯಿತು. ಇಡೀ ಸ್ತನ ತೆಗೆಯಲಿಲ್ಲ. ಗಡ್ಡೆಯನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದರು. ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಇರಲಿಲ್ಲ, ಕಂಕುಳಿನ ಗ್ರಂಥಿಗಳಿಗೂ ಹರಡಿರಲಿಲ್ಲ. ಹಾರ್ಮೋನಿನ ಗುಳಿಗೆಗೆ ಬಗ್ಗುವ ಜಾತಿಯದು. ಐದು ವರ್ಷ ದಿನಕ್ಕೊಂದು ಗುಳಿಗೆ ನುಂಗಬೇಕು. ಉಳಿದದ್ದು ರೇಡಿಯೇಶನ್ನಿನ ಪ್ರಶ್ನೆ, ನಮ್ಮ ಮಂದಿ ‘ಕರೆಂಟ್ ಕೊಡೋದು’ ಅನ್ನುತ್ತಾರಲ್ಲ, ಅದು.

ಗಡ್ಡೆ ಹೋದ ಮೇಲೆ ಕರೆಂಟ್ ಯಾಕೆ? ಉಳಿಸಿಕೊಂಡ ಸ್ತನದಲ್ಲಿ ಕಣ್ಣಿಗೆ ಕಾಣದ ಕಣಗಳು ಅಡಗಿರಬಹುದು, ಅವನ್ನು ಸುಡುವುದಕ್ಕೆ. ಇದು ಸಣ್ಣ ಮಾತಲ್ಲ. ಗಡ್ಡೆ ಮಾತ್ರ ತೆಗೆಸಿಕೊಂಡವರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದ ಅಮೆರಿಕದ ಒಂದು ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ರೇಡಿಯೇಶನ್ ತೆಗೆದುಕೊಳ್ಳದ ನೂರು ಹೆಂಗಸರಲ್ಲಿ ಸುಮಾರು 39 ಜನರಿಗೆ ಅದೇ ಸ್ತನದಲ್ಲಿ ಮತ್ತೆ ಬಂದಿತ್ತು. ತೆಗೆದುಕೊಂಡವರಲ್ಲಿ ಸುಮಾರು 14 ಜನರಿಗೆ. ಹೀಗಾಗಿ ಸ್ತನ ಉಳಿಸಿಕೊಂಡವರೆಲ್ಲರಿಗೂ ರೇಡಿಯೇಶನ್ ಎಂಬುದೇ ನಿಯಮವಾಗಿತ್ತು. ಆಮೇಲೆ ವಯಸ್ಸಾದ, ಅಪಾಯ ಕಡಿಮೆ ಇರುವ ಹೆಂಗಸರಿಗೂ ಇದು ಬೇಕೇ ಎಂದು ವೈದ್ಯರೇ ಕೇಳಿಕೊಂಡರು. 65 ದಾಟಿದ, ನನ್ನಂಥದೇ ಸಣ್ಣ ಗಡ್ಡೆಯ, ಗುಳಿಗೆ ತೆಗೆದುಕೊಳ್ಳುವ 1,326 ಹೆಂಗಸರ ಮೇಲೆ ಸ್ಕಾಟ್ಲೆಂಡಿನ ವೈದ್ಯರ ಮುಂದಾಳತ್ವದಲ್ಲಿ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹತ್ತು ವರ್ಷದಲ್ಲಿ ರೇಡಿಯೇಶನ್ ಇಲ್ಲದ ನೂರರಲ್ಲಿ ಒಂಬತ್ತು-ಹತ್ತು ಜನರಿಗೆ ಅದೇ ಜಾಗದಲ್ಲಿ ತಿರುಗಿ ಬಂದಿತ್ತು. ಇದ್ದ ನೂರರಲ್ಲಿ ಒಬ್ಬರಿಗೆ. ಆದರೆ ಬದುಕಿದ್ದವರ ಲೆಕ್ಕ ಎರಡೂ ಕಡೆ ಒಂದೇ, ನೂರಕ್ಕೆ ಸುಮಾರು 81.

ಈ ಅಂಕಿಗಳನ್ನು ಡಾಕ್ಟರು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ವಿವರಿಸಿದರು. ಮೂವತ್ತಾರು ವರ್ಷ ಪರ್ಸೆಂಟೇಜಿನಲ್ಲೇ ಅನ್ನ ಉಂಡವಳು ನಾನು, ತಿಳಿಯಿತು ಎಂದುಕೊಂಡೆ. ಒಂದು ವಾರ ಆರಾಮಾಗಿಯೇ ಇದ್ದೆ. ಆಮೇಲೆ ಧಾರವಾಡದ ತಂಗಿಗೆ ಫೋನಿನಲ್ಲಿ ಹೇಳಲು ಹೋದೆ. ‘ರಿಕರೆನ್ಸ್’ ಅಂದರೆ ಅವಳಿಗೆ ತಿಳಿಯದು. "ಅಂದ್ರ, ಮತ್ತ ಬರೂದು" ಎಂದೆ. ಆ ಮಾತು ನನ್ನ ಬಾಯಿಂದ ಬಂದಾಗ ನನ್ನ ಕೈ ತಣ್ಣಗಾಯಿತು. ಇಂಗ್ಲಿಷಿನಲ್ಲಿ ಅದು ಯಾರದೋ ಲೆಕ್ಕವಾಗಿತ್ತು, ಕನ್ನಡಕ್ಕೆ ಬಂದ ಕೂಡಲೆ ನನ್ನದಾಯಿತು.

"ಅಕ್ಕಾ, ಹುಚ್ಚಿ ಆಗಬ್ಯಾಡ. ಹದಿನೈದು ದಿನದ್ದು, ತಗೊಂಡ ಬಿಡು" ಎಂದಳು ತಂಗಿ. ಬೆಂಗಳೂರಿನಿಂದ ಮಗ, "ಅಮ್ಮಾ, ನಮ್ಮ ಸಲುವಾಗಿ ತಗೋ" ಎಂದ. ಊರಿನಲ್ಲಿದ್ದರೆ ಈ ಪ್ರಶ್ನೆ ನನ್ನ ತನಕ ಬರುತ್ತಲೇ ಇರಲಿಲ್ಲವೇನೋ. ನಮ್ಮ ಅಜ್ಜಿಗೆ ಹೊಟ್ಟೆಯ ಆಪರೇಶನ್ ಬೇಕೋ ಬೇಡವೋ ಎಂದು ಪಡಸಾಲೆಯಲ್ಲಿ ಗಂಡಸರು ಕೂತು ತೀರ್ಮಾನಿಸಿದ್ದು ನನಗೆ ನೆನಪಿದೆ. ಅಜ್ಜಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಪರಊರಿಗೆ ಬಂದವರಿಗೆ ಆ ಪಡಸಾಲೆ ಇಲ್ಲ. ಅದಿಲ್ಲ ಎಂದು ನಾನು ಎಷ್ಟೋ ಸಲ ಹಿಗ್ಗಿದ್ದೇನೆ. ಈ ಸಲ ಮೊದಲ ಬಾರಿಗೆ ಅದು ಬೇಕೆನಿಸಿತು. ತಪ್ಪಾದರೆ ಬೈಯಲು ಇನ್ನೊಬ್ಬರಿರುತ್ತಾರೆ ಎಂಬ ಸುಖ ಅದು.

ಮಗನ ಮಾತನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ದೇಹ ನನ್ನದು, ಸರಿ. ಆದರೆ ನಾಳೆ ತಿರುಗಿ ಬಂದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂಡುವವರು ನಮ್ಮ ಯಜಮಾನರು. ಸಾಲ ಒಬ್ಬರದು, ಜಾಮೀನು ಇನ್ನೊಬ್ಬರದು. ಜಾಮೀನುದಾರನನ್ನು ಕೇಳದೆ ಸಾಲ ಮಾಡುವುದು ನ್ಯಾಯವೇ? ಒಂದು ಸಂಜೆ ಅವರನ್ನು ಕೂಡಿಸಿಕೊಂಡು, ಮಗನನ್ನು ಫೋನಿನಲ್ಲಿ ಇಟ್ಟುಕೊಂಡು, ಎಲ್ಲ ಅಂಕಿಗಳನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕೊನೆಗೆ ಕೇಳಿದೆ: "ಆ ಹತ್ತು ಮಂದಿಯೊಳಗ ನಾನೂ ಒಬ್ಬಾಕಿ ಆದರ, ಆಗ ಬೈಯೂದಿಲ್ಲ ಅಂತ ಮಾತು ಕೊಡತೀರೇನು?"

ಅವರು ಬಹಳ ಹೊತ್ತು ಸುಮ್ಮನಿದ್ದರು. "ಬೈಯೂದಿಲ್ಲ. ಆದರ ಹೆದರತೀನಿ" ಎಂದರು.

ಆ ಉತ್ತರಕ್ಕೆ ನಾನು ಇಂದಿಗೂ ಋಣಿ. ನನ್ನ ನಿರ್ಧಾರಕ್ಕೆ ಅವರೂ ಒಂದು ಬೆಲೆ ಕೊಡುತ್ತಾರೆ, ಆ ಬೆಲೆ ಎಷ್ಟೆಂದು ನನಗೆ ಹೇಳಿದರು. ಹೇಳಿಯೂ ಹಿಡಿದು ನಿಲ್ಲಿಸಲಿಲ್ಲ.

ನಾನು ರೇಡಿಯೇಶನ್ ಬೇಡವೆಂದೆ. ಅದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ದಣಿವು, ಚರ್ಮ ಕೆಂಪಾಗುವುದು, ಎಡಗಡೆಯಾದ್ದರಿಂದ ಹೃದಯದ ಮಾತು, ಇವೆಲ್ಲ ಇದ್ದರೂ ಈಗಿನ ವಿಧಾನಗಳಲ್ಲಿ ಬಹಳ ಕಡಿಮೆಯಾಗಿವೆ. ತಿರುಗಿ ಬಂದರೂ ಅದೇ ಜಾಗದಲ್ಲಿ, ವರ್ಷವರ್ಷದ ತಪಾಸಣೆಯಲ್ಲಿ ಸಿಕ್ಕರೆ ಮತ್ತೆ ಆಪರೇಶನ್ ಮಾಡಬಹುದು ಎಂಬುದು ಒಂದು. ಗೊತ್ತಿರುವ ಅಪಾಯವನ್ನು ಮಗ್ಗುಲಲ್ಲಿ ಇಟ್ಟುಕೊಂಡು ನಿದ್ದೆ ಮಾಡುವ ಸ್ವಭಾವ ನನ್ನದು ಎಂಬುದು ಇನ್ನೊಂದು. ರಾತ್ರಿಯಿಡೀ ಎದೆ ಒತ್ತಿ ನೋಡಿಕೊಳ್ಳುವ ಸ್ವಭಾವದವರು ಇದೇ ರಿಪೋರ್ಟು ಹಿಡಿದು ರೇಡಿಯೇಶನ್ ತೆಗೆದುಕೊಂಡರೆ ಅದೂ ಅಷ್ಟೇ ಸರಿ. ಬೇಡವೆಂದವಳು ಧೈರ್ಯಸ್ಥೆಯೂ ಅಲ್ಲ, ಬೇಕೆಂದವಳು ಅಂಜುಬುರುಕಿಯೂ ಅಲ್ಲ.

ಬ್ಯಾಂಕಿನಲ್ಲಿ ಸಾಲ ಕೆಟ್ಟಾಗ ಮಂಜೂರು ಮಾಡಿದವರ ವಿಚಾರಣೆ ನಡೆಯುತ್ತದೆ. ನೆಟ್ಟಗೆ ನಡೆಯುವ ವಿಚಾರಣೆಯಲ್ಲಿ ಸಾಲ ಯಾಕೆ ಕೆಟ್ಟಿತು ಎಂದಷ್ಟೇ ಕೇಳುವುದಿಲ್ಲ. ಮಂಜೂರಾದ ದಿನ ಮೇಜಿನ ಮೇಲೆ ಯಾವ ಕಾಗದ ಇತ್ತು, ಅದನ್ನು ಓದಿದ್ದರೇ ಎಂದು ಕೇಳುತ್ತಾರೆ. ಓದಿ ಮಾಡಿದ ಸಾಲವೂ ಮಳೆ ಬಾರದೆ ಕೆಡಬಹುದು, ಕಣ್ಣುಮುಚ್ಚಿ ಕೊಟ್ಟದ್ದೂ ಕೈಸೇರಬಹುದು. ನಿರ್ಧಾರದ ಒಳಿತು ಕೆಡುಕು ಬೇರೆ, ಫಲದ್ದು ಬೇರೆ. ಹೀಗೆಂದುಕೊಂಡು ನಾನು ನೆಮ್ಮದಿಯಾಗಿದ್ದೆ. ಡಿಸೆಂಬರಿನ ತಪಾಸಣೆಗೆ ಹೋದಾಗ ಆ ನೆಮ್ಮದಿ ಕದಡಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕನ್ನಡ ಕೇಳಿದರೆ ನಮ್ಮಂಥವರು ಸುಮ್ಮನಿರುವುದುಂಟೇ? ವಿಜಯಪುರ ಜಿಲ್ಲೆಯ ಹೆಣ್ಣುಮಗಳು, ನಲವತ್ತರ ಆಸುಪಾಸು, ಗಂಡನ ಜೊತೆ ದಾದರಿನ ಧರ್ಮಶಾಲೆಯಲ್ಲಿ ಉಳಿದಿದ್ದಳು. ಕೀಮೋ, ಆಪರೇಶನ್ ಮುಗಿದು ಕರೆಂಟ್ ನಡೆದಿತ್ತು. ಮಾತಿಗೆ ಮಾತು ಬಂದು, ನಾನು ಕರೆಂಟ್ ಬೇಡವೆಂದದ್ದನ್ನೂ ಹೇಳಿದೆ. ಸ್ವಲ್ಪ ಜಂಬದಿಂದಲೇ ಹೇಳಿದೆನೆಂದು ಈಗ ಅನಿಸುತ್ತದೆ.

ನಾನು ಡಾಕ್ಟರನ್ನು ಕಂಡು ಹೊರಬರುವಷ್ಟರಲ್ಲಿ ಅವಳು ಒಂದು ಕಾಗದ ಹಿಡಿದು ನಿಂತಿದ್ದಳು. "ಅಕ್ಕಾರ, ನೀವ ಬಿಟ್ಟೀರಿ ಅಂದಮ್ಯಾಲ ನನಗೂ ಸಾಕ್ರಿ. ಎಂಟು ದಿನಾ ಆತು. ಊರಾಗ ತೊಗರಿ ರಾಶಿ ಐತಿ. ನಿನ್ನ ಮರ್ಜಿ, ಸಹಿ ಮಾಡಿ ಹೋಗು ಅಂದ್ರು. ಎಲ್ಲಿ ಸಹಿ ಮಾಡಬೇಕು, ತೋರಸ್ರಿ."

ಕಾಗದ ಇಂಗ್ಲಿಷಿನಲ್ಲಿತ್ತು. ವೈದ್ಯರ ಸಲಹೆ ಮೀರಿ ಚಿಕಿತ್ಸೆ ಬಿಡುತ್ತಿದ್ದೇನೆ, ಪರಿಣಾಮಗಳನ್ನು ತಿಳಿಸಲಾಗಿದೆ ಎಂಬ ಒಕ್ಕಣೆ.

ಆಗ ನನಗೆ ನೆನಪಾದದ್ದು ಬ್ಯಾಂಕಿನ ಒಂದು ಸಾಲು. ಸಾಲಪತ್ರಗಳು ಇಂಗ್ಲಿಷಿನಲ್ಲಿರುತ್ತವೆ, ಸಹಿ ಮರಾಠಿಯಲ್ಲೋ ಕನ್ನಡದಲ್ಲೋ ಬೀಳುತ್ತದೆ. ಅದಕ್ಕೆಂದೇ ಕೆಳಗೆ ಒಂದು ಘೋಷಣೆ: ಇದರಲ್ಲಿರುವುದನ್ನು ಇವರ ಭಾಷೆಯಲ್ಲಿ ಓದಿ ತಿಳಿಸಲಾಗಿದೆ, ಇವರು ಅರ್ಥಮಾಡಿಕೊಂಡಿದ್ದಾರೆ. ಅದರಡಿ ನಾನು ಹಾಕಿದ ಸಹಿಗಳಿಗೆ ಲೆಕ್ಕವಿಲ್ಲ. ನಿಜವಾಗಿ ಓದಿ ತಿಳಿಸಿದ್ದು ಎಷ್ಟು ಸಲ? ಮಾರ್ಚ್ ತಿಂಗಳ ಗಡಿಬಿಡಿ, ಹಿಂದೆ ಸಾಲು. "ಇಥೇ, ಇಥೇ, ಆಣಿ ಇಥೇ" ಎಂದು ಬೆರಳಿಟ್ಟು ತೋರಿಸಿದ್ದೇ ಹೆಚ್ಚು. ಅಣ್ಣನ ಮಗನ ಸಾಲಕ್ಕೆ ಜಾಮೀನು ನಿಂತ ಒಬ್ಬ ತರಕಾರಿ ಮಾರುವ ಮುದುಕನಿಗೂ ಹಾಗೇ ತೋರಿಸಿದ್ದೆ. ಆ ಹುಡುಗ ಕಂತು ಕಟ್ಟದೆ ಮುದುಕನಿಗೆ ನೋಟೀಸು ಹೋಯಿತು. ಬಂದು ನನ್ನೆದುರು ನಿಂತು, ಇದನ್ನು ನೀವು ನನಗೆ ಹೇಳಿರಲಿಲ್ಲವಲ್ಲ ಬಾಯಿ, ಎಂದ. ನಾನು ಅವನ ಸಹಿ ತೋರಿಸಿದೆ. ಕಾನೂನಿನ ಪ್ರಕಾರ ನಾನು ಸರಿ. ಆ ಸಹಿ ಅವನದಾಗಿತ್ತು, ನಿರ್ಧಾರ ಅವನದಾಗಿರಲಿಲ್ಲ.

ಈ ಹೆಣ್ಣುಮಗಳ ರಿಪೋರ್ಟು ನೋಡಿದೆ. ಕಂಕುಳಿನ ನಾಲ್ಕು ಗ್ರಂಥಿಗಳಿಗೆ ಹರಡಿತ್ತು. ನನಗೆ ಹೇಳಿದ ‘ನಿಮ್ಮ ಇಷ್ಟ’ಕ್ಕೆ ಎರಡು ಸರಿದಾರಿಗಳ ನಡುವೆ ಆರಿಸಿಕೋ ಎಂಬ ಅರ್ಥವಿತ್ತು. ಇವಳಿಗೆ ಹೇಳಿದ ‘ನಿನ್ನ ಮರ್ಜಿ’ಗೆ ನಮ್ಮ ಹೊಣೆ ಮುಗಿಯಿತು ಎಂಬ ಅರ್ಥ. ಮಾತು ಅದೇ. ಅವಳನ್ನು ಕರೆದುಕೊಂಡು ಮತ್ತೆ ಒಳಗೆ ಹೋದೆ. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಒಂದೊಂದೇ ಕನ್ನಡದಲ್ಲಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಮತ್ತ ಬಂದರ ಮತ್ತ ಕೊಯ್ದರಾತು, ಹೌದಿಲ್ಲೋ?" ಬಹಳ ಶ್ಯಾಣೆತನದ ಪ್ರಶ್ನೆ, ನಾನೂ ಅದನ್ನೇ ನೆಚ್ಚಿಕೊಂಡು ಬೇಡವೆಂದಿದ್ದೆ. ಡಾಕ್ಟರ ಉತ್ತರ, ಇವರದು ಹಾಗಲ್ಲ, ಬಂದರೆ ಅಲ್ಲೇ ಬರುತ್ತದೆಂದಿಲ್ಲ, ಬೇರೆ ಕಡೆಗೂ ಹೋಗಬಹುದು, ಜೀವಕ್ಕೇ ಅಪಾಯ ಎಂದು. ಅದನ್ನೂ ಹೇಳಿದೆ. ಹೇಳುವಾಗ ನನ್ನ ದನಿ ನಡುಗಿತು.

"ನೀವೇನಂತೀರಿ ಅಕ್ಕಾರ?" ಎಂದಳು. ನನಗೆ ಬೇಕಾಗಿದ್ದ ಸ್ವಾತಂತ್ರ್ಯವನ್ನು ಅವಳಿಗೂ ಕೊಟ್ಟು, ನಿನ್ನ ಇಷ್ಟ ಎಂದು ಸುಮ್ಮನಾಗಬೇಕಿತ್ತೇ? ನನ್ನಿಂದ ಆಗಲಿಲ್ಲ. "ನನ್ನ ಲೆಕ್ಕ ಬ್ಯಾರೆ, ನಿನ್ನ ಲೆಕ್ಕ ಬ್ಯಾರೆ. ನೀ ನನ್ನ ತಂಗಿ ಆಗಿದ್ದರ, ಬಿಡು ಅಂತಿದ್ದಿಲ್ಲ" ಎಂದೆ. ಇದು ಪಡಸಾಲೆಯ ಗಂಡಸರು ಮಾಡಿದ್ದೇ ಅಲ್ಲವೇ ಎಂದು ಆಮೇಲೆ ಎಷ್ಟೋ ದಿನ ಯೋಚಿಸಿದ್ದೇನೆ. ಅಲ್ಲವೆಂದೇ ಈಗ ಅನಿಸುತ್ತದೆ. ಅವರು ಅಜ್ಜಿಗೆ ಏನೂ ಹೇಳದೆ ತೀರ್ಮಾನಿಸಿದ್ದರು. ಇವಳಿಗೆ ಎಲ್ಲ ತಿಳಿಸಿದ ಮೇಲೆ, ಕೇಳಿದ್ದಕ್ಕೆ, ನನ್ನ ಮನಸ್ಸನ್ನೂ ಹೇಳಿದೆ. ತಿಳಿಸದೆ ‘ನಿನ್ನ ಇಷ್ಟ’ ಎನ್ನುವುದು ಗೌರವವಲ್ಲ, ಕೈಬಿಡುವುದು. ತಿಳಿಸುವುದೆಂದರೆ ಅವರ ಭಾಷೆಯಲ್ಲಿ, ಅವರ ಪ್ರಶ್ನೆ ಬರುವ ತನಕ ಕಾಯುವುದು.

ಅವಳು ಹೊರಗೆ ಹೋಗಿ ಮೈದುನನಿಗೆ ಫೋನ್ ಮಾಡಿ ರಾಶಿಯ ಮಾತಾಡಿದಳು. ಕಾಗದವನ್ನು ಮಡಿಚಿ ನನ್ನ ಕೈಗಿಟ್ಟಳು. ಉಳಿದ ದಿನಗಳನ್ನು ಮುಗಿಸಿಯೇ ಊರಿಗೆ ಹೋದರೆಂದು ಅವಳ ಗಂಡ ಆಮೇಲೆ ತಿಳಿಸಿದ.

2025ರ ಸೆಪ್ಟೆಂಬರಿನ ನನ್ನ ಮ್ಯಾಮೊಗ್ರಾಮ್ ಸ್ವಚ್ಛವಾಗಿತ್ತು. ಅದರಿಂದ ನನ್ನ ನಿರ್ಧಾರ ಸರಿಯೆಂದು ಸಾಬೀತಾಗಲಿಲ್ಲ. ನಾಳೆ ಕೆಟ್ಟ ಸುದ್ದಿ ಬಂದರೆ ತಪ್ಪೆಂದೂ ಆಗುವುದಿಲ್ಲ. ಯಜಮಾನರು ರಿಪೋರ್ಟಿನ ಲಕೋಟೆಯನ್ನು ನನಗಿಂತ ಮೊದಲು ಒಡೆದರು. ಕೈ ನಡುಗುತ್ತಿತ್ತು.

ಅವತ್ತು ಕೌಂಟರಿನಲ್ಲಿ ಯಾವುದೋ ಫಾರ್ಮಿಗೆ ಸಹಿ ಕೇಳಿದರು. ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದಲು ಶುರುಮಾಡಿದೆ. ಹಿಂದಿನವರು ಗೊಣಗಿದರು. "ಮ್ಯಾಡಮ್, ಫಕ್ತ ಸಹೀ ಕರಾ" ಎಂದಳು ಕೌಂಟರಿನ ಹುಡುಗಿ, ಹಿಂದೆ ನಾನು ಎಲ್ಲರಿಗೂ ಹೇಳುತ್ತಿದ್ದ ಅದೇ ದನಿಯಲ್ಲಿ.

"ಥಾಂಬಾ, ಓದತಾ ಇದ್ದೀನಿ" ಎಂದೆ, ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ.